ಗಾಡಿ ಹೋದ ಮೇಲೆ

ಕಾರವಾರದಲ್ಲಿ ಯಾವ ಡಾಕ್ಟರಿಗಾಗಲಿ ನರ್ಸಿಗಾಗಲಿ ಸರಕಾರದ ಕಡೆಯಿಂದ ಉದ್ದನೆಯ ಕಂದು ಲಕೋಟೆ ಬಂತೆಂದರೆ, ಅದನ್ನು ಒಡೆಯುವ ಮೊದಲೇ ಅವರು ಬಾಂದೇಕರ ವಕೀಲರ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಸತೀಶ ಬಾಂದೇಕರರು ಈ ಕೆಲಸಕ್ಕೆ ಬಿದ್ದದ್ದು ಆಕಸ್ಮಿಕವಾಗಿ. ಗದ್ದೆ ತೋಟದ ವ್ಯಾಜ್ಯ ನಡೆಸಿಕೊಂಡು ಸುಖವಾಗಿದ್ದವರು ಒಮ್ಮೆ ಒಬ್ಬ ಡಾಕ್ಟರನ್ನು ವಿಚಾರಣೆಯೊಂದರಿಂದ ಪಾರು ಮಾಡಿದರು. ಆ ಡಾಕ್ಟರು ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ. ಹದಿನೆಂಟು ವರ್ಷ ಕಳೆಯುವುದರೊಳಗೆ ಜಿಲ್ಲೆಯ ಬಿಳಿ ಕೋಟಿನವರೆಲ್ಲ ಅವರ ಕಕ್ಷಿದಾರರಾಗಿಬಿಟ್ಟಿದ್ದರು. ಕೋರ್ಟಿನ ಕರಿ ಕೋಟಿನವರು "ಬಾಂದೇಕರನ ಕೈಗುಣ ಒಳ್ಳೇದು" ಎಂದು ಡಾಕ್ಟರಿಗೆ ಹೇಳುವ ಮಾತನ್ನು ಅವರಿಗೆ ಅಂಟಿಸಿ ನಗುತ್ತಿದ್ದರು.

ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ವಕೀಲರದ್ದು ಒಂದೇ ನಿಯಮ. ಎದುರು ಕುಳಿತವರು ಕಣ್ಣೊರೆಸಿಕೊಂಡು ನಡೆದದ್ದನ್ನು ನಡೆದ ಹಾಗೆ ಹೇಳಲು ಬಾಯಿ ತೆರೆದರೆ ಅವರು ಅಂಗೈ ಎತ್ತಿ ತಡೆಯುತ್ತಿದ್ದರು. ಏನು ನಡೆಯಿತು ಎಂಬುದು ಅವರಿಗೆ ಬೇಡ. ರಿಜಿಸ್ಟರಿನಲ್ಲಿ ಏನು ಬರೆದಿದೆ, ಯಾವುದು ಬರೆದಿಲ್ಲ, ಸಾಕ್ಷಿ ಹೇಳುವವರು ಯಾರು, ಇಷ್ಟೇ ಸಾಕು. ತಿಳಿಯದ್ದನ್ನು ಮುಚ್ಚಿಡುವ ಪ್ರಮೇಯವೇ ಬರುವುದಿಲ್ಲವಲ್ಲ.

ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಮುಟ್ಟಿದರೆ ತನ್ನದೇ ಎಂದು ತಿಳಿಯುತ್ತದೆ, ಕಚ್ಚಿದರೆ ನೋಯುವುದಿಲ್ಲ. ವಕೀಲರ ಒಳಗೆಲ್ಲ ಹಾಗಾಗಿತ್ತು. ಯಾವಾಗಿನಿಂದ ಎಂದು ಅವರಿಗೇ ಗೊತ್ತಿಲ್ಲ. ಗೆದ್ದ ದಿನವೂ ಸೋತ ದಿನವೂ ಮನೆಗೆ ಬಂದು ಕಾಲು ತೊಳೆದು, ಬಡಿಸಿದ್ದನ್ನು ಉಂಡು ಏಳುತ್ತಿದ್ದರು. ಹೆಂಡತಿ ರೂಪಾಲಿ ಮೊದಮೊದಲು "ಕಿತೆಂ ಜಾಲೆಂ?" ಎಂದು ಮನೆಮಾತಿನಲ್ಲಿ ಕೇಳುತ್ತಿದ್ದಳು. ಏನಾಯಿತು ಎಂಬ ಆ ಪ್ರಶ್ನೆಗೆ ಉತ್ತರ ಬಾರದೆ ಬಾರದೆ ಈಗ ಅದನ್ನೂ ಬಿಟ್ಟಿದ್ದಳು.

ಜಯಶ್ರೀ ನಾಯ್ಕ ಎಂಬ ನರ್ಸು ಅವರ ಮೆಟ್ಟಿಲು ಹತ್ತಿದ್ದು ಎರಡು ಸಾವಿರದ ಆರನೆಯ ಇಸವಿಯ ದೀಪಾವಳಿ ಕಳೆದ ಮೇಲೆ. ಅವರ್ಸಾದಿಂದ ಒಳಗೆ, ರೈಲುಹಳಿಯ ಪಕ್ಕದ ಹೊಸಗದ್ದೆ ಎಂಬ ಹಳ್ಳಿಯಲ್ಲಿ ಆಕೆಯ ಉಪಕೇಂದ್ರ. ಇಪ್ಪತ್ತೆರಡು ವರ್ಷದ ಸರ್ವಿಸು, ಒಂದು ಕಪ್ಪು ಚುಕ್ಕೆಯಿಲ್ಲ. ಜೂನ್ ಹದಿನೈದು, ಗುರುವಾರ, ಅಲ್ಲಿ ದಡಾರದ ಲಸಿಕೆ ಹಾಕಿಸಿಕೊಂಡ ಒಂಬತ್ತು ತಿಂಗಳ ಕೂಸೊಂದು ಸಂಜೆಗೆ ಜ್ವರ ಬಂದು, ವಾಂತಿಭೇದಿಯಾಗಿ, ಬೆಳಗಾಗುವುದರೊಳಗೆ ತೀರಿಹೋಗಿತ್ತು. ಮನೆಯವರು ಬೆಳಿಗ್ಗೆಯೇ ಮಣ್ಣು ಮಾಡಿದ್ದರು. ಹಾಗಾಗಿ ದೇಹದ ಪರೀಕ್ಷೆ ನಡೆದಿರಲಿಲ್ಲ. ಲಸಿಕೆಯ ಬಾಟಲಿಯೂ ಕಸಕ್ಕೆ ಹೋಗಿತ್ತು. ಈಗ ಇಲಾಖೆ ವಿಚಾರಣೆ ಹೂಡಿತ್ತು. ಅದರ ವರದಿ ಬಂದ ಮೇಲೆ ನರ್ಸಿಂಗ್ ಕೌನ್ಸಿಲ್ಲಿನವರು ಆಕೆಯ ಹೆಸರನ್ನು ನೋಂದಣಿಯಿಂದ ತೆಗೆಯಬೇಕೋ ಇಡಬೇಕೋ ನೋಡುವವರಿದ್ದರು. ಹೆಸರು ಹೋದರೆ ಕೆಲಸ ಹೋಯಿತು.

ಇಡೀ ಪ್ರಕರಣ ನಿಂತದ್ದು ಗಡಿಯಾರದ ಮೇಲೆ. ದಡಾರದ ಲಸಿಕೆಯ ಬಾಟಲಿಯ ಬಾಯಿ ಒಡೆದರೆ ನಾಲ್ಕು ತಾಸಿನೊಳಗೆ ಮುಗಿಸಬೇಕು. ಉಳಿದರೆ ಚೆಲ್ಲಬೇಕು, ಇಲ್ಲದಿದ್ದರೆ ಅದೇ ವಿಷವಾಗಬಹುದು. ಅಂದು ಬಾಟಲಿ ಒಡೆದದ್ದು ಒಂಬತ್ತೂವರೆಗೆ. ಅದನ್ನು ಜಯಶ್ರೀ ತನ್ನ ಕೈಯಾರೆ ಬರೆದಿಟ್ಟಿದ್ದಳು. ಬೆಳಿಗ್ಗೆ ಅದರಿಂದಲೇ ಹಾಕಿಸಿಕೊಂಡ ನಾಲ್ಕು ಮಕ್ಕಳು ಆಟವಾಡಿಕೊಂಡಿದ್ದವು. ಐದನೆಯದು ಈ ಕೂಸು. ಅದರ ತಾಯಿ ಕೇಂದ್ರಕ್ಕೆ ಬಂದದ್ದು ಒಂದೂವರೆಗಿಂತ ಮೊದಲೋ ಆಮೇಲೋ ಎಂಬುದೇ ಪ್ರಶ್ನೆ. ಅದನ್ನು ಬರೆಯಲು ರಿಜಿಸ್ಟರಿನಲ್ಲಿ ಕಾಲಮು ಇರಲಿಲ್ಲ.

"ಸರ್, ಅವ್ಳು ಬಂದಾಗ ನಾನು ಬಾಗ್ಲು ಹಾಕ್ತಾ ಇದ್ದೆ," ಎಂದು ಜಯಶ್ರೀ ಶುರುಮಾಡಿದಳು. "ಬಾಟ್ಲಿಲಿ ಒಂದೇ ಡೋಸು ಉಳ್ದಿತ್ತು. ಹೊಸಾದು ಇರ್ಲಿಲ್ಲ. ಮಳೇಲಿ ನೆನ್ಕಂಡು ಬಂದೀದ್ಲು. ಬಿತ್ತೂ ದಿವ್ಸ, ಮತ್ತೆ ಮುಂದಿನ ವಾರ ಕೆಲ್ಸ ಬಿಟ್ಟು ಬಾ ಅಂದ್ರೆ ಅವ್ಳು ಬರೂದಿಲ್ಲ ಅಂತ ನಂಗೆ ಗೊತ್ತು. ಒಂದು ತಾಸಿಗೆ ಎಂತಾ ಆಗ್ತದೆ ಅಂತ..."

ವಕೀಲರು ಅಂಗೈ ಎತ್ತಿದರು. "ಸಿಸ್ಟರ್, ಸಾಕು."

"ಯಾರಿಗಾದ್ರೂ ಒಬ್ರಿಗೆ ಹೇಳ್ಬೇಕು ಸರ್."

"ನಂಗೆ ಬೇಡ. ದೇವ್ರಿಗೆ ಹೇಳ್ಕಳಿ. ಆ ಹೆಂಗ್ಸು ಮೊದ್ಲು ಕೊಟ್ಟ ಹೇಳಿಕೆಯ ಪ್ರತಿ ಅದ್ಯಾ?"

ಇತ್ತು. ಕೂಸಿನ ತಾಯಿಯ ಹೆಸರು ದುರ್ಗಿ ಬೊಮ್ಮ ಗೌಡ. ಗದ್ದೆ ಕೆಲಸ. ಓದು ಬರಹ ಇಲ್ಲ. ಕೇಂದ್ರಕ್ಕೆ ಹೋದ ಹೊತ್ತು ಯಾವುದೆಂದು ಕೇಳಿದ್ದಕ್ಕೆ 'ಮಧ್ಯಾಹ್ನದ ಗಾಡಿ ಹೋದ ಮೇಲೆ' ಎಂದಿದ್ದಳು. ವಕೀಲರು ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು.

ಮರುದಿನ ಶಿರವಾಡದ ರೈಲು ನಿಲ್ದಾಣಕ್ಕೆ ಹೋದರು. ಟಿಕೇಟು ಕೊಡುವ ಮಾದೇವ ಅವರಿಗೆ ಪರಿಚಯದವನೇ. ಗಾಡಿಗಳ ವೇಳೆ ಅಚ್ಚು ಹಾಕಿದ ಒಂದು ಮಡಿಸಿದ ಹಾಳೆಯನ್ನು ಕಿಂಡಿಯಿಂದ ಕೊಟ್ಟ.

"ನಿಮ್ಗೆ ಯಾವ್ದು ಬೇಕು ವಕೀಲ್ರೆ? ಈ ಬದಿ ಬೇಸ್ಗೇದು, ಹಿಂದ್ಗಡೆ ಮಳ್ಗಾಲದ್ದು. ಮಳೆ ಬಿತ್ತು ಅಂದ್ರೆ ಗುಡ್ಡ ಜರೀತದೆ ಅಂತ ಗಾಡಿ ಎಲ್ಲಾ ನಿಧಾನ. ಈ ಸಲ ಜೂನ್ ಹತ್ತಕ್ಕೇ ಬದ್ಲಾಗೀತ್ತು."

ಹೊಸಗದ್ದೆಗೆ ಹತ್ತಿರದ ನಿಲ್ದಾಣವಾದ ಹಾರವಾಡದ ಮೇಲೆ ಹೋಗುವ ಮಧ್ಯಾಹ್ನದ ಪ್ಯಾಸೆಂಜರನ್ನು ವಕೀಲರು ಹುಡುಕಿದರು. ಮುಂದಿನ ಬದಿಯಲ್ಲಿ ಹನ್ನೆರಡು ನಲವತ್ತು. ಹಿಂದಿನ ಬದಿಯಲ್ಲಿ ಎರಡು ಹತ್ತು. ಅವರು ಎರಡನ್ನೂ ಒಮ್ಮೆ ಓದಿ ಹಾಳೆ ಮಡಿಸಿದರು. ಊರಿಗೆ ಬಂದು ಜೆರಾಕ್ಸ್ ಅಂಗಡಿಯಲ್ಲಿ ಬೇಸಿಗೆಯ ಬದಿ ಮೇಲೆ ಮಾಡಿ ಕೊಟ್ಟು, "ಈ ಬದಿ ಮಾತ್ರ" ಎಂದರು. ಪ್ರತಿಯ ಕೆಳಗೆ 'ನಿಜ ಪ್ರತಿ' ಎಂದು ಬರೆದು ಸಹಿ ಮಾಡಿದರು. ಅದರಲ್ಲಿ ಇದ್ದದ್ದೆಲ್ಲ ನಿಜವೇ. ಇಲ್ಲದ್ದನ್ನು ಕೇಳುವುದು ಎದುರು ಪಕ್ಷದವರ ಕೆಲಸ. ಮೂಲ ಹಾಳೆಯನ್ನು ಚೀಲದ ಬದಿಯ ಕಿಸೆಗೆ ತುರುಕಿದರು.

ವಿಚಾರಣೆ ನಡೆದದ್ದು ಫೆಬ್ರವರಿಯಲ್ಲಿ, ಕಾರವಾರದ ಒಂದು ಸರಕಾರಿ ಕಟ್ಟಡದ ಮೇಲಿನ ಕೋಣೆಯಲ್ಲಿ. ವಿಚಾರಣಾಧಿಕಾರಿಗಳು ಮೈಸೂರು ಕಡೆಯ ನಿವೃತ್ತ ನ್ಯಾಯಾಧೀಶರು. ಇಲಾಖೆಯ ಪರವಾಗಿ ಮಂಡಿಸುವ ಅಧಿಕಾರಿ ಗದಗಿನ ಕಡೆಯವರು, ಕಾರವಾರಕ್ಕೆ ಬಂದು ಮೂರು ತಿಂಗಳಾಗಿತ್ತು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು, ಜೋಳದ ರೊಟ್ಟಿ ನೆನೆಸಿಕೊಂಡು ದಿನ ನೂಕುತ್ತಿದ್ದರು. ಅವರು ಕಾನೂನು ಓದಿದವರಾದ್ದರಿಂದಲೇ ನರ್ಸಿಗೂ ವಕೀಲರನ್ನು ಇಟ್ಟುಕೊಳ್ಳಲು ಅನುಮತಿ ಸಿಕ್ಕಿದ್ದು. ಮೂಲೆಯಲ್ಲಿ ಹೇಳಿಕೆ ಟೈಪು ಮಾಡುತ್ತಿದ್ದವಳು ನಾಗಶ್ರೀ ಎಂಬ ಹುಡುಗಿ. ಮನೆ ಅಂಕೋಲೆ, ವಾರ ವಾರ ಊರಿಗೆ ಹೋಗುವುದು ರೈಲಿನಲ್ಲಿ.

ದುರ್ಗಿ ಒಳಗೆ ಬಂದು ಕುರ್ಚಿಯಲ್ಲಿ ಕೂರಲು ಒಪ್ಪದೆ ನಿಂತೇ ಇದ್ದಳು. ಇಪ್ಪತ್ತೈದರ ಆಸುಪಾಸು. ಕೊರಳು ತುಂಬ ಕರಿಮಣಿ. ಮಂಡನಾಧಿಕಾರಿಗಳು ಕೇಳಿದ್ದಕ್ಕೆಲ್ಲ ಸಣ್ಣ ದನಿಯಲ್ಲಿ ಉತ್ತರ ಕೊಟ್ಟಳು. ಗಾಡಿ ಹೋದ ಮೇಲೆ ಹೋದೆ ಎಂದಳು. ಬಯಲುಸೀಮೆಯ ಆ ಅಧಿಕಾರಿಗೆ ಅಷ್ಟೇ ಸಾಕೆನಿಸಿತು. ಮಧ್ಯಾಹ್ನದ ಗಾಡಿಯೂ ಹೋದ ಮೇಲೆ ಎಂದರೆ ತಡವಾಯಿತೆಂದೇ ಅರ್ಥವಲ್ಲವೇ ಎಂದುಕೊಂಡು ಅವರು ಕುಳಿತರು.

ಬಾಂದೇಕರರು ಎದ್ದರು.

"ಆ ದಿವ್ಸ ಬಿಸ್ಲು ಇತ್ತಾ ದುರ್ಗಿ?"

"ಇಲ್ಲಾ ಒಡೆಯ್ರೆ. ಮಳೆ ಹೊಯ್ತಿತ್ತು."

"ಹಾಗಾದ್ರೆ ಹೊತ್ತು ಹ್ಯಾಂಗೆ ಗೊತ್ತಾಯ್ತು?"

"ಗಾಡಿ ಹೋಯ್ತಲ್ಲ. ಮಳ್ಗಾಲ್ದಲ್ಲಿ ನಾವು ಗಾಡಿ ಹೋದ್ಮೇಲೇ ಗದ್ದೆ ಬಿಟ್ಟು ಏಳೂದು, ಉಣ್ಣೂಕೆ."

"ದಿನಾ ಹೋಗೂ ಗಾಡಿಯೇನೆ?"

"ಅದೇ ಗಾಡಿ."

"ಅದು ಹೋದ್ಮೇಲೆ ಕೇಂದ್ರ ಮುಟ್ಟೂಕೆ ಎಷ್ಟು ಹೊತ್ತಾಯ್ತು?"

"ಒಂದು ಎಲೆ ತಿಂದು ಉಗೀವಷ್ಟು ಹೊತ್ತು."

ವಕೀಲರು ವೇಳಾಪಟ್ಟಿಯ ಪ್ರತಿಯನ್ನು ಮೇಜಿನ ಮೇಲಿಟ್ಟರು. ನ್ಯಾಯಾಧೀಶರು ಕನ್ನಡಕ ಸರಿಪಡಿಸಿಕೊಂಡು ಹನ್ನೆರಡು ನಲವತ್ತು ಎಂದು ಓದಿದರು, ಅದಕ್ಕೆ ಕಾಲು ತಾಸು ಕೂಡಿಸಿದರು, ಒಂದು ಗಂಟೆಯ ಒಳಗೇ ಎಂದರು. ಮಂಡನಾಧಿಕಾರಿಗಳು ಪ್ರತಿಯನ್ನು ತಿರುಗಿಸಿ ನೋಡಿದರು. ಹಿಂದೆ ಬಿಳಿ ಕಾಗದ.

ನಾಗಶ್ರೀಯ ಬೆರಳುಗಳು ನಿಂತವು. ಅವಳು ತಲೆ ಎತ್ತಿ ವಕೀಲರನ್ನು ನೋಡಿದಳು. ಬಾಗಿಲಲ್ಲಿ ನಿಂತ ಜವಾನನೂ ಈ ಕಡೆಯವನೇ, ಅವನು ಕಿಟಕಿಯಾಚೆ ನೋಡುತ್ತಿದ್ದ. ಜಯಶ್ರೀ ಸೆರಗಿನ ಅಂಚನ್ನು ಸುತ್ತುತ್ತಿದ್ದಳು. ಮಳೆಗಾಲದಲ್ಲಿ ಗಾಡಿ ತಡ ಎಂಬುದು ಆ ಕೋಣೆಯಲ್ಲಿ ಕರಾವಳಿಯವರಿಗೆಲ್ಲ ಗೊತ್ತು, ಕೇಳಬೇಕಾದ ಇಬ್ಬರಿಗೆ ಮಾತ್ರ ಗೊತ್ತಿಲ್ಲ. ಮತ್ತು ದುರ್ಗಿಗೆ. ಹೊತ್ತು ಬದಲಾಗಿ ಇನ್ನೂ ಐದೇ ದಿನ. ಮೋಡದ ಅಡಿಯಲ್ಲಿ ಬಗ್ಗಿ ನಿಂತವಳಿಗೆ ಗಾಡಿಯೇ ಗಡಿಯಾರ, ಗಾಡಿಯ ಗಡಿಯಾರವನ್ನು ಅವಳು ಯಾರ ಹತ್ತಿರ ಕೇಳಬೇಕು? ಒಂದು ಕ್ಷಣ ಬಿಟ್ಟು ಟೈಪಿನ ಸದ್ದು ಮತ್ತೆ ಶುರುವಾಯಿತು. ಟೈಪು ಮಾಡುವುದು ನಾಗಶ್ರೀಯ ಕೆಲಸ, ಮಾತಾಡುವುದಲ್ಲ.

ಅಲ್ಲಿಗೆ ಮುಗಿದಿತ್ತು. ವಕೀಲರು ಕುಳಿತುಬಿಡಬಹುದಿತ್ತು. ಕೂರಲಿಲ್ಲ. ಯಾವ ಪ್ರಕರಣದಲ್ಲೂ ಎರಡನೆಯ ಬಾಗಿಲಿಗೆ ಅಗುಳಿ ಹಾಕಿಯೇ ಏಳುವ ಅಭ್ಯಾಸ ಅವರದ್ದು. ಅಭ್ಯಾಸಬಲದಿಂದಲೇ ಕೇಳಿದರು.

"ಸಂಜೆಗೆ ಜ್ವರ ಬಂತು ಅಂದಿ. ಆಗ ಕೂಸಿಗೆ ಎಂತಾ ಕೊಟ್ಟೆ?"

"ಬಜೆ ತೇಯ್ದು ನೆಕ್ಸ್ದೆ."

"ಯಾರು ಕೊಟ್ಟದ್ದು?"

"ನಾನೇಯಾ. ಅತ್ತೆ ಬ್ಯಾಡ, ಆಸ್ಪತ್ರಿಗೆ ಹೋಗ್ವಾ ಅಂದಿದ್ಲು. ಮಳೆ ಹೊಯ್ತಿತ್ತು. ನಾನು ನೆಕ್ಸ್ದೆ."

"ಎಷ್ಟು ಸಲ?"

"ಎರಡು ಸಲ." ಅವಳು ಮೊದಲ ಬಾರಿಗೆ ವಕೀಲರ ಮುಖ ನೋಡಿದಳು. "ಅದಕ್ಕೆ ಎಂತಾ ಒಡೆಯ್ರೆ?"

"ಅಷ್ಟೇ," ಎಂದು ವಕೀಲರು ಕುಳಿತರು. ಅವರ ಮನೆಯ ಅಡುಗೆಮನೆಯ ಗೂಡಿನಲ್ಲಿ ಬಜೆಯ ಬೇರೂ ತೇಯುವ ಕಲ್ಲೂ ಇಂದಿಗೂ ಇವೆ. ಅವರ ಇಬ್ಬರು ಮಕ್ಕಳೂ ಅದನ್ನು ನೆಕ್ಕಿಯೇ ಬೆಳೆದವರು. ಅದು ಆಗ ಅವರಿಗೆ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು, ಅಷ್ಟೇ.

ವರದಿ ಮೇ ತಿಂಗಳಿನಲ್ಲಿ ಬಂತು. ಆಪಾದನೆ ಸಾಬೀತಾಗಿಲ್ಲ. ಲಸಿಕೆಯನ್ನು ನಿಗದಿತ ಅವಧಿಯೊಳಗೆ ನೀಡಲಾಗಿದೆ. ಕೊನೆಯ ಪುಟದಲ್ಲಿ ಇನ್ನೊಂದು ಸಾಲಿತ್ತು: ತಾಯಿಯು ಮನೆಯಲ್ಲಿ ನೀಡಿದ ನಾಟಿ ಔಷಧಿಯೇ ಮಗುವಿನ ಸಾವಿಗೆ ಕಾರಣವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ವಕೀಲರು ಅದನ್ನು ಓದಿ ಫೈಲಿಗೆ ದಾರ ಕಟ್ಟಿದರು. ಕೌನ್ಸಿಲ್ಲಿನ ನೋಟೀಸು ತಾನಾಗಿಯೇ ಬಿದ್ದುಹೋಯಿತು. ಜಯಶ್ರೀ ಮನೆಯವರೆಗೂ ಬಂದಳು, ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು ಘಟ್ಟದ ಮೇಲೆ ಎಲ್ಲಿಗಾದರೂ ವರ್ಗ ಕೇಳಿದ್ದೇನೆ ಎಂದಳು. "ನಾನು ಗೆದ್ದೆ ಅಂತ ಯಾರ ಹತ್ರನೂ ಹೇಳ್ಬೇಡಿ ಸರ್," ಎಂದು ಹೊರಟುಹೋದಳು. ವಕೀಲರು ಅಂದು ಮಧ್ಯಾಹ್ನ ಎರಡು ಸಲ ಸಾರು ಹಾಕಿಸಿಕೊಂಡು ಉಂಡರು. ರುಚಿ ಹೇಗಿತ್ತೆಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ.

ಮತ್ತೆ ಒಂದು ಮಳೆಗಾಲ ಹೋಗಿ ಇನ್ನೊಂದು ಬಂತು. ಎರಡು ಸಾವಿರದ ಎಂಟನೆಯ ಇಸವಿಯ ಜುಲೈಯಲ್ಲಿ ವಕೀಲರಿಗೆ ಅಂಕೋಲೆಯ ಕೋರ್ಟಿನಲ್ಲಿ ಏನೋ ಕೆಲಸವಿತ್ತು. ಹನ್ನೊಂದೂವರೆಯ ಹೊತ್ತಿಗೆ ಮುಗಿಯಿತು. ಅರ್ಗಾ ದಾಟಿ ಬರುವಾಗ ಸುರಿಯುತ್ತಿದ್ದ ಮಳೆ ನಿಂತಿತ್ತು. ಬಸ್ಸಿಗೆ ಹೊತ್ತಿದೆಯೆಂದು ಪೇಟೆಯಲ್ಲಿ ಕಾಯಿಪಲ್ಲೆ ಮಾರುವ ಹೆಂಗಸರ ಸಾಲಿನ ಮುಂದೆ ನಡೆದು ಬರುತ್ತಿದ್ದಾಗ ಯಾರೋ ಕರೆದರು.

"ಒಡೆಯ್ರೆ."

ಹರಿವೆ ಸೊಪ್ಪಿನ ಬುಟ್ಟಿಯ ಹಿಂದೆ ದುರ್ಗಿ ಕುಳಿತಿದ್ದಳು. ಕರಿಮಣಿ ಅಷ್ಟೇ ಇತ್ತು, ಮುಖ ಸಣ್ಣದಾಗಿತ್ತು. ವಕೀಲರು ಮುಂದೆ ಹೋಗಿಬಿಡಬಹುದಿತ್ತು, ಹೋಗಲಿಲ್ಲ. ಕಾಲು ನಿಂತಿತು.

"ನಿಮ್ಮ ಹತ್ರ ಒಂದು ಕೇಳ್ಬೇಕಾಗಿತ್ತು. ನೀವು ತಿಳ್ದವ್ರು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ವಕೀಲರಿಗೆ ಕಷ್ಟವಾಯಿತು. "ಕಾಗ್ದ ಮನಿಗೆ ಬಂತು. ಜಟ್ಟು ಮಾಸ್ತರ್ರು ಓದಿ ಹೇಳ್ದ್ರು. ಬಜೆಯಿಂದ್ಲೇ ಹೋಯ್ತು ಅಂತ ಅದ್ರಲ್ಲಿ ಅದೆ ಅಂದ್ರು."

"ಹಾಂಗೆ ಇಲ್ಲ. ಇರ್ಬಹುದು ಅಂತ ಅದೆ."

"ನಮ್ಗೆ ಎರಡೂ ಒಂದೇಯಾ." ಅವಳು ಗದ್ದ ಎತ್ತಿ ತೋರಿಸಿದಳು. ಎರಡು ಬುಟ್ಟಿಯಾಚೆ ಮುದುಕಿಯೊಬ್ಬಳು ತೊಡೆಯ ಮೇಲೆ ಕೂಸನ್ನಿಟ್ಟುಕೊಂಡು ಇವರನ್ನೇ ನೋಡುತ್ತಿದ್ದಳು. "ಅದು ನಂದೇ. ಮತ್ತೆ ಆದದ್ದು. ಹಾಲು ಕುಡ್ಸೂಕೆ ಮಾತ್ರ ನನ್ನ ಕೈಗೆ ಕೊಡ್ತ್ರು. ಗಂಜಿ ನೀರನ್ನೂ ಅತ್ತೆಯೇ ಹಾಕೂದು. ನನ್ನ ಕೈಯಿಂದ ಅದ್ರ ಬಾಯಿಗೆ ಎಂತದೂ ಹೋಗ್ಲಾಗ ಅಂತ. ಅವ್ರದ್ದು ತಪ್ಪಲ್ಲ. ಅತ್ತೆ ಬ್ಯಾಡ ಅಂದಿದ್ಲು, ನಾನು ಕೇಳ್ಲಿಲ್ಲ."

ವಕೀಲರ ಕೋಟಿನ ಮೇಲೆ ಮರದಿಂದ ಹನಿ ಬೀಳುತ್ತಿತ್ತು.

"ಈಗ ಇದ್ಕೂ ಒಂಬತ್ತು ತಿಂಗ್ಳು. ಅದೇ ಸೂಜಿ ಹಾಕ್ಸೂಕೆ ಕರ್ದಿದ್ರು. ಹಾಕ್ಸೂದಾ, ಬ್ಯಾಡ್ವಾ? ಅಷ್ಟೇ ಕೇಳೂದು."

"ಹಾಕ್ಸು," ಎಂದರು ವಕೀಲರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕೂಸು ಆಚೆಯಿಂದ ಅವರತ್ತ ನೋಡಿ ಬೆರಳು ಚೀಪುತ್ತಿತ್ತು. "ಬೆಳಿಗ್ಗೆಯೇ ಹೋಗು. ಹತ್ತು ಗಂಟೆ ಒಳಗೆ."

"ಗಾಡಿ ಹೋದ್ಮೇಲೆ ಆಗೂದಿಲ್ವಾ?"

"ಆಗೂದಿಲ್ಲ."

ದುರ್ಗಿ ಸೊಪ್ಪಿನ ಒಂದು ಕಟ್ಟನ್ನು ಎತ್ತಿ, ನೀರು ಕೊಡವಿ, ಮತ್ತೆ ಅಲ್ಲೇ ಇಟ್ಟಳು.

"ಆವತ್ತು ತಡಾ ಆಗಿತ್ತಾ?"

"ಆಗಿತ್ತು."

"ನೀವು ಇಲ್ಲಾ ಅಂದ್ರಿ."

"ಅಂದೆ. ಮಳ್ಗಾಲ್ದಲ್ಲಿ ಆ ಗಾಡಿ ತಡವಾಗಿ ಹೋಗ್ತದೆ. ನಿಂಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ಬಾಟ್ಲಿ ಒಡ್ದು ಹೊತ್ತು ಮೀರಿತ್ತು."

"ಹಂಗಾರೆ ಬಜೆ?"

"ಬಜೆ ಅಲ್ಲ," ಎಂದರು ವಕೀಲರು. "ನಮ್ಮನೆ ಮಕ್ಳಿಗೂ ಅದ್ನೇ ಕೊಟ್ಟದ್ದು."

ಅವಳು ಅಳುತ್ತಾಳೆ ಎಂದುಕೊಂಡಿದ್ದರು, ಬೈಯುತ್ತಾಳೆ ಎಂದೂ. ಎರಡೂ ಆಗಲಿಲ್ಲ. "ಮನಿಗೆ ಬಂದು ಹೇಳ್ತ್ರಿ ಒಡೆಯ್ರೆ?" ಎಂದಳು. "ನಾನು ಹೇಳ್ದ್ರೆ ಯಾರು ನಂಬ್ತ್ರು?"

ಮನೆಗೆ ಹೋಗಿ ಹೇಳಿದರೆ ಮಾತು ಮನೆಯಲ್ಲೇ ನಿಲ್ಲುವುದಿಲ್ಲ. ಘಟ್ಟದ ಮೇಲಿನ ಜಯಶ್ರೀಗೆ ಮತ್ತೆ ನೋಟೀಸು ಹೋಗುತ್ತದೆ. ವಕೀಲರ ಪರಿಷತ್ತಿನಿಂದ ಉದ್ದನೆಯ ಕಂದು ಲಕೋಟೆಯೊಂದು ತಮಗೂ ಬರುತ್ತದೆ. ಆಗ ತಾವು ಯಾರ ಮನೆಯ ಮೆಟ್ಟಿಲು ಹತ್ತಬೇಕು ಎಂದು ಅವರು ಇಷ್ಟು ವರ್ಷದಲ್ಲಿ ಯೋಚಿಸಿರಲಿಲ್ಲ. ಇದನ್ನೆಲ್ಲ ಅವರ ತಲೆ ಎಂದಿನಂತೆ ಅಚ್ಚುಕಟ್ಟಾಗಿ ಲೆಕ್ಕ ಹಾಕಿತು.

"ಬರೂಕಾಗೂದಿಲ್ಲ," ಎಂದರು.

ದುರ್ಗಿ ತಲೆಯಾಡಿಸಿದಳು. ಬೇರೆ ಉತ್ತರಕ್ಕೆ ಅವಳೇನೂ ಕಾದಿರಲಿಲ್ಲ. ಆ ತಲೆಯಾಡಿಸಿದ್ದು ಮಾತ್ರ ವಕೀಲರಿಗೆ ನೆಟ್ಟಗೆ ಬಂದು ತಾಗಿತು. ನೋವಾಯಿತು. ಎಷ್ಟೋ ವರ್ಷದ ಮೇಲೆ ಆದ ನೋವಾದ್ದರಿಂದ ಅದು ನೋವೆಂದು ತಿಳಿಯಲು ಅವರಿಗೆ ತುಸು ಹೊತ್ತು ಬೇಕಾಯಿತು.

ಅವರು ಚೀಲದ ಬದಿಯ ಕಿಸೆಗೆ ಕೈ ಹಾಕಿದರು. ಆ ಹಾಳೆ ಅಲ್ಲೇ ಇತ್ತು. ಎಸೆಯಬೇಕೆಂದೂ ಅನಿಸಿರಲಿಲ್ಲ, ಇಟ್ಟುಕೊಳ್ಳಬೇಕೆಂದೂ ಅನಿಸಿರಲಿಲ್ಲ, ಹಾಗಾಗಿ ಉಳಿದಿತ್ತು. ಮಡಿಕೆಯಲ್ಲಿ ಹರಿದಿತ್ತು. ಬಿಡಿಸಿ, ಹಿಂದಿನ ಬದಿ ಮೇಲೆ ಮಾಡಿ, ಮೊಣಕಾಲ ಮೇಲಿಟ್ಟುಕೊಂಡು ಹಾರವಾಡದ ಮುಂದಿನ ಎರಡು ಹತ್ತು ಎಂಬುದರ ಕೆಳಗೆ ಪೆನ್ನಿನಿಂದ ಗೆರೆ ಎಳೆದರು. ಅಂಚಿನಲ್ಲಿ ಬರೆದರು: ೧೫-೬-೨೦೦೬ರಂದು ಗಾಡಿ ಹೋದ ವೇಳೆ. ಕೆಳಗೆ ಸಹಿ ಹಾಕಿದರು. ಸಹಿಯ ಕೆಳಗೆ, ಯಾರಿಗೂ ಅನುಮಾನ ಉಳಿಯದ ಹಾಗೆ, ಸತೀಶ ಬಾಂದೇಕರ, ವಕೀಲರು, ಕಾರವಾರ ಎಂದು ಪೂರ್ತಿ ಹೆಸರು ಬರೆದರು.

"ಇದ್ನ ಜಟ್ಟು ಮಾಸ್ತರ್ರಿಗೆ ತೋರ್ಸು. ಸೂಜಿಯ ಬಾಟ್ಲಿ ಒಡ್ದದ್ದು ಒಂಬತ್ತೂವರೆಗೆ, ನಾಲ್ಕು ತಾಸಲ್ಲಿ ಮುಗೀಬೇಕಿತ್ತು, ಮನಿಗೆ ಬಂದ ಆ ಕಾಗ್ದದಲ್ಲೇ ಅದೆ. ಎರಡನ್ನೂ ಒಟ್ಟಿಗೆ ಇಟ್ಟು ಓದೂಕೆ ಹೇಳು. ಅವ್ರಿಗೆ ತಿಳೀತದೆ."

ದುರ್ಗಿ ಒದ್ದೆ ಕೈಯನ್ನು ಸೀರೆಗೆ ಚೆನ್ನಾಗಿ ಒರೆಸಿಕೊಂಡು ಹಾಳೆಯನ್ನು ತೆಗೆದುಕೊಂಡಳು. ಊರುಗಳ ಹೆಸರು, ಅಂಕಿಗಳ ಸಾಲು ಸಾಲು. ಅವಳು ಅದನ್ನು ಮೇಲಿನಿಂದ ಕೆಳಗೆ ನೋಡಿದಳು, ಗೆರೆ ಎಳೆದ ಕಡೆ ಬೆರಳಿಟ್ಟಳು.

"ಇದ್ರಲ್ಲಿ ನನ್ನ ತಪ್ಪಿಲ್ಲ ಅಂತ ಬರ್ದದ್ಯಾ ಒಡೆಯ್ರೆ?"

ಎರಡು ಬುಟ್ಟಿಯಾಚೆ ಅತ್ತೆ ಕೂಸನ್ನೆತ್ತಿಕೊಂಡು ಎದ್ದು ಬರುತ್ತಿದ್ದಳು.

"ಬರ್ದದೆ," ಎಂದರು ವಕೀಲರು.